ಬಡವರು, ಸಲಿಂಗಾಸಕ್ತರು ಮತ್ತು ನಾವು: ಧರ್ಮಸಭೆ ಕಲಿಸುವ ಪೂರ್ತಿ ಪಾಠ

ಬಡವರೊಡನೆ ಕ್ರೈಸ್ತರು ಹೇಗೆ ನಡೆದುಕೊಳ್ಳಬೇಕು ಎಂದು ಕೇಳಿದರೆ ನಮ್ಮಲ್ಲಿ ಯಾರೂ ತಡವರಿಸುವುದಿಲ್ಲ. ‘ಸಹಾಯ ಮಾಡಬೇಕು’ ಎಂಬ ಉತ್ತರ ಧರ್ಮೋಪದೇಶದ ತರಗತಿಯ ಮಗುವಿನ ಬಾಯಲ್ಲೂ ಇದೆ. ಸಲಿಂಗಾಸಕ್ತರೊಡನೆ ಹೇಗೆ ನಡೆದುಕೊಳ್ಳಬೇಕು ಎಂದು ಕೇಳಿದರೆ ಮಾತ್ರ ಹೆಚ್ಚಿನವರು ಸುಮ್ಮನಾಗುತ್ತಾರೆ. ಕೆಲವರು ‘ಅದು ಪಾಪ’ ಎಂದು ಹೇಳಿ ವಿಷಯವನ್ನು ಅಲ್ಲಿಗೇ ಮುಗಿಸುತ್ತಾರೆ.

ಈ ಎರಡು ಉತ್ತರಗಳೂ ಧರ್ಮಸಭೆಯ ಬೋಧನೆಯ ಅರ್ಧ ಭಾಗ ಮಾತ್ರ. ಬಡವರ ವಿಷಯದಲ್ಲಿ ನಾವು ದಾನವನ್ನು ಕಲಿತು ನ್ಯಾಯವನ್ನು ಬಿಟ್ಟಿದ್ದೇವೆ. ಸಲಿಂಗಾಸಕ್ತರ ವಿಷಯದಲ್ಲಿ ನಿಷೇಧವನ್ನು ಕಲಿತು ಗೌರವವನ್ನು ಬಿಟ್ಟಿದ್ದೇವೆ. ಬಿಟ್ಟುಹೋದ ಭಾಗಗಳು ಯಾವುವು, ಅವು ಎಲ್ಲಿ ಬರೆದಿವೆ, ನಮ್ಮ ಮನೆ ಮತ್ತು ಚರ್ಚುಗಳಲ್ಲಿ ಅವುಗಳನ್ನು ಪಾಲಿಸುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಬಡವರ ಕುರಿತು ಶುಭಸಂದೇಶ

ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದಲ್ಲಿ ಅಂತಿಮ ತೀರ್ಪಿನ ದೃಶ್ಯವಿದೆ. ಅಲ್ಲಿ ಕೇಳುವ ಪ್ರಶ್ನೆಗಳು ಹಸಿವು, ಬಾಯಾರಿಕೆ, ಬಟ್ಟೆ, ಕಾಯಿಲೆ, ಸೆರೆಮನೆ ಮತ್ತು ಪರದೇಶಿಯನ್ನು ಕುರಿತವು. ಹಸಿದವನು ಒಳ್ಳೆಯವನೇ, ಸೆರೆಯಲ್ಲಿರುವವನು ನಿರಪರಾಧಿಯೇ ಎಂಬ ಪ್ರಶ್ನೆ ಅಲ್ಲಿಲ್ಲ. ಸೆರೆಮನೆಗೆ ಹೋಗಿ ಭೇಟಿಯಾಗಬೇಕೆಂದು ಹೇಳಿದ ಯೇಸುಸ್ವಾಮಿ, ಮೊದಲು ಅವನ ಮೊಕದ್ದಮೆಯ ಕಾಗದ ನೋಡಿ ಬನ್ನಿ ಎನ್ನಲಿಲ್ಲ.

ಲೂಕನ ಶುಭಸಂದೇಶದ 16ನೆಯ ಅಧ್ಯಾಯದಲ್ಲಿ ಧನಿಕ ಮತ್ತು ಲಾಜರನ ಕಥೆ ಇದೆ. ಧನಿಕನು ಲಾಜರನನ್ನು ಹೊಡೆದನೆಂದಾಗಲಿ ಬೈದನೆಂದಾಗಲಿ ಅಲ್ಲಿ ಹೇಳಿಲ್ಲ. ಬಾಗಿಲಲ್ಲಿ ಬಿದ್ದಿದ್ದವನನ್ನು ಅವನು ಗಮನಿಸಲೇ ಇಲ್ಲ. ಅವನ ತಪ್ಪು ಅಷ್ಟೇ. ಇದೇ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ಯೇಸು ಔತಣದ ಬಗ್ಗೆ ಹೇಳುತ್ತಾ, ತಿರುಗಿ ಕರೆಯಬಲ್ಲ ನೆಂಟರನ್ನೂ ಶ್ರೀಮಂತರನ್ನೂ ಬಿಟ್ಟು ಬಡವರು, ಕುಂಟರು, ಕುರುಡರನ್ನು ಕರೆಯಲು ಸೂಚಿಸುತ್ತಾರೆ. ನಮ್ಮ ಕರಾವಳಿಯ ರೋಸ್ ಮತ್ತು ಮದುವೆ ಊಟದ ಆಮಂತ್ರಣ ಪಟ್ಟಿಯನ್ನು ಈ ವಾಕ್ಯದ ಪಕ್ಕದಲ್ಲಿಟ್ಟು ನೋಡಿದರೆ ಯಾರಿಗಾದರೂ ಸ್ವಲ್ಪ ಮುಜುಗರವಾಗದೆ ಇರದು.

ಯಾಕೋಬನ ಪತ್ರದ 2ನೆಯ ಅಧ್ಯಾಯ ಇನ್ನೂ ನೇರವಾಗಿದೆ. ಪ್ರಾರ್ಥನಾ ಸಭೆಗೆ ಚಿನ್ನದ ಉಂಗುರ ತೊಟ್ಟವನು ಬಂದರೆ ಒಳ್ಳೆಯ ಆಸನ, ಕೊಳಕು ಬಟ್ಟೆಯವನು ಬಂದರೆ ನಿಲ್ಲುವ ಜಾಗ ಎಂದು ಭೇದ ಮಾಡುವುದನ್ನು ಅಲ್ಲಿ ಪಾಪವೆಂದೇ ಕರೆಯಲಾಗಿದೆ.

ದಾನ ಸಾಲದು, ನ್ಯಾಯ ಬೇಕು

ಕಾನ್‌ಸ್ಟಾಂಟಿನೋಪಲಿನ ಬಿಷಪರಾಗಿದ್ದು 407ರಲ್ಲಿ ತೀರಿಕೊಂಡ ಸಂತ ಜಾನ್ ಕ್ರಿಸೊಸ್ತೊಮರು, ಇರುವುದನ್ನು ಬಡವರೊಂದಿಗೆ ಹಂಚಿಕೊಳ್ಳದಿರುವುದು ಕಳವಿಗೆ ಸಮ ಎಂದು ಬೋಧಿಸಿದರು. ಬಲಿಪೀಠಕ್ಕೆ ರೇಷ್ಮೆ ಹೊದಿಸಿ ಹೊರಗೆ ಚಳಿಯಲ್ಲಿ ನಡುಗುವವನನ್ನು ಮರೆಯುವವರನ್ನು ಅವರು ಕಟುವಾಗಿ ಟೀಕಿಸಿದರು. ಪೋಪ್ 13ನೆಯ ಲಿಯೊ 1891ರಲ್ಲಿ ‘ರೇರುಂ ನೊವಾರುಂ’ ಪರಿಪತ್ರದಲ್ಲಿ ಕಾರ್ಮಿಕರಿಗೆ ನ್ಯಾಯವಾದ ಕೂಲಿ ಸಿಗಬೇಕೆಂದು ವಾದಿಸಿದರು. ಲ್ಯಾಟಿನ್ ಅಮೆರಿಕದ ಬಿಷಪರು 1968ರಲ್ಲಿ ಮೆದೆಯಿನ್ ನಗರದಲ್ಲೂ 1979ರಲ್ಲಿ ಪ್ಯೂಬ್ಲಾದಲ್ಲೂ ಸಭೆ ಸೇರಿ, ಬಡವರಿಗೆ ಮೊದಲ ಆದ್ಯತೆ ಎಂಬ ನಿಲುವನ್ನು ರೂಪಿಸಿದರು. ಇದು ಮುಂದೆ ಇಡೀ ಧರ್ಮಸಭೆಯ ಬೋಧನೆಯ ಭಾಗವಾಯಿತು.

ಪೋಪ್ ಫ್ರಾನ್ಸಿಸರು ಕ್ರಿಸ್ತರಾಜರ ಹಬ್ಬದ ಹಿಂದಿನ ಭಾನುವಾರವನ್ನು ‘ಬಡವರ ವಿಶ್ವ ದಿನ’ವಾಗಿ ಸ್ಥಾಪಿಸಿದರು. 2017ರಿಂದ ಅದನ್ನು ಆಚರಿಸಲಾಗುತ್ತಿದೆ. 2025ರ ಏಪ್ರಿಲ್ 21ರಂದು ಅವರು ನಿಧನರಾದ ಮೇಲೆ ಆಯ್ಕೆಯಾದ ಪೋಪ್ 14ನೆಯ ಲಿಯೊ ಅವರ ಮೊದಲ ಪ್ರೇಷಿತ ಪ್ರಬೋಧನೆ ‘ದಿಲೆಕ್ಸಿ ತೇ’ ಕೂಡ ಬಡವರ ಮೇಲಿನ ಪ್ರೀತಿಯನ್ನು ಕುರಿತದ್ದೇ. ಫ್ರಾನ್ಸಿಸರು ಆರಂಭಿಸಿದ್ದ ಬರಹವನ್ನು ಮುಂದುವರಿಸಿ, ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬವಾದ 2025ರ ಅಕ್ಟೋಬರ್ 4ರಂದು ಅವರು ಅದಕ್ಕೆ ಸಹಿ ಹಾಕಿದರು.

ಹಾಗಾದರೆ ನಾವು ಬಿಟ್ಟ ಅರ್ಧ ಪಾಠ ಯಾವುದು? ಮನೆಗೆಲಸದವಳಿಗೆ ಕ್ರಿಸ್ಮಸ್ ದಿನ ಕುಸ್ವಾರಿನ ಪೊಟ್ಟಣ ಕೊಟ್ಟು, ವರ್ಷವಿಡೀ ಅವಳ ಕೂಲಿಯಲ್ಲಿ ಚೌಕಾಸಿ ಮಾಡಿದರೆ ಅದು ಕ್ರೈಸ್ತ ನಡೆಯಲ್ಲ. ಕಥೋಲಿಕ ಧರ್ಮೋಪದೇಶ ಗ್ರಂಥದ 2434ನೆಯ ಪರಿಚ್ಛೇದವು ನ್ಯಾಯವಾದ ಕೂಲಿಯನ್ನು ದುಡಿಮೆಯ ಫಲವೆಂದು ಕರೆದು, ಅದನ್ನು ತಡೆಹಿಡಿಯುವುದು ಗಂಭೀರ ಅನ್ಯಾಯ ಎನ್ನುತ್ತದೆ. ನಮ್ಮ ದೋಣಿಗಳಲ್ಲಿ ದುಡಿಯುವ ಹೊರರಾಜ್ಯದ ಕಾರ್ಮಿಕನಿಗೂ ಮನೆ ಕಟ್ಟಲು ಬಂದ ಮೇಸ್ತ್ರಿಗೂ ಇದು ಅನ್ವಯಿಸುತ್ತದೆ.

ನಮ್ಮ ಅನೇಕ ಚರ್ಚುಗಳಲ್ಲಿರುವ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಕ್ರಮದಿಂದ ಒಂದು ವಿಷಯ ಕಲಿಯಬಹುದು. 1833ರಲ್ಲಿ ಪ್ಯಾರಿಸಿನಲ್ಲಿ ಇದನ್ನು ಆರಂಭಿಸಿದವರಲ್ಲಿ ಪ್ರಮುಖರಾದ ಫ್ರೆಡರಿಕ್ ಓಜಾನಮ್‌ಗೆ ಆಗ ಕೇವಲ 20 ವರ್ಷ. ಈ ಸಭೆಯ ಸದಸ್ಯರು ಬಡವರ ಮನೆಗೆ ತಾವೇ ನಡೆದು ಹೋಗುತ್ತಾರೆ, ಕುಳಿತು ಮಾತಾಡುತ್ತಾರೆ. ಹಣ ಕಳುಹಿಸಿ ಕೈತೊಳೆದುಕೊಳ್ಳುವುದಿಲ್ಲ. ದಾನ ಪಡೆದವನ ಫೋಟೊ ತೆಗೆದು ಪತ್ರಿಕೆಗೆ ಕಳುಹಿಸುವ ಇಂದಿನ ಚಟಕ್ಕೆ ಇದು ಒಳ್ಳೆಯ ಮದ್ದು.

ಸಲಿಂಗಾಸಕ್ತರ ಕುರಿತು ಧರ್ಮಸಭೆ ಏನು ಹೇಳುತ್ತದೆ?

ಮೊದಲು ಪದದ ಬಗ್ಗೆ ಒಂದು ಮಾತು. ನಮ್ಮ ಪತ್ರಿಕೆಗಳಲ್ಲಿ ಬಹಳ ಕಾಲ ಬಳಕೆಯಲ್ಲಿದ್ದ ‘ಸಲಿಂಗಕಾಮಿ’ ಎಂಬ ಶಬ್ದ ಒಬ್ಬ ಮನುಷ್ಯನನ್ನು ಕಾಮಕ್ಕೆ ಮಾತ್ರ ಇಳಿಸಿಬಿಡುತ್ತದೆ. ಆದ್ದರಿಂದ ಇಲ್ಲಿ ‘ಸಲಿಂಗಾಸಕ್ತ’ ಎಂಬ ಪದವನ್ನು ಬಳಸಲಾಗಿದೆ.

1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥದ 2357ರಿಂದ 2359ರವರೆಗಿನ ಮೂರು ಪರಿಚ್ಛೇದಗಳು ಈ ವಿಷಯಕ್ಕೆ ಮೀಸಲಾಗಿವೆ. ಮೊದಲನೆಯದು, ಸಲಿಂಗ ಲೈಂಗಿಕ ಕ್ರಿಯೆಗಳನ್ನು ಧರ್ಮಸಭೆ ಒಪ್ಪುವುದಿಲ್ಲ ಎನ್ನುತ್ತದೆ. ವಿವಾಹ ಸಂಸ್ಕಾರ ಒಬ್ಬ ಪುರುಷ ಮತ್ತು ಒಬ್ಬ ಸ್ತ್ರೀಯ ನಡುವಿನದು ಎಂಬುದೂ ಧರ್ಮಸಭೆಯ ಬೋಧನೆ. ಮೂರನೆಯದು, ಸಲಿಂಗಾಸಕ್ತರಿಗೆ ಶುದ್ಧ ಜೀವನದ ಕರೆ ಇದೆ ಎನ್ನುತ್ತದೆ. ಈ ಎರಡು ವಿಷಯಗಳು ಎಲ್ಲರಿಗೂ ಗೊತ್ತು. ಅವುಗಳನ್ನು ಒಪ್ಪದ ಕಥೋಲಿಕರೂ ಇದ್ದಾರೆ, ಅದರ ಚರ್ಚೆ ನಡೆಯುತ್ತಲೇ ಇದೆ.

ಆದರೆ ಇವೆರಡರ ನಡುವೆ ಇರುವ 2358ನೆಯ ಪರಿಚ್ಛೇದ ನಮ್ಮ ಕಿವಿಗೆ ಬಿದ್ದದ್ದು ಕಡಿಮೆ. ಸಲಿಂಗಾಸಕ್ತರನ್ನು ಗೌರವ, ಅನುಕಂಪ ಮತ್ತು ಸೂಕ್ಷ್ಮ ಸಂವೇದನೆಯಿಂದ ಸ್ವೀಕರಿಸಬೇಕು, ಅವರ ವಿರುದ್ಧ ಅನ್ಯಾಯದ ತಾರತಮ್ಯದ ಯಾವ ಲಕ್ಷಣವೂ ಇರಕೂಡದು ಎಂಬುದು ಅದರ ಸಾರ. ಇದು ಸಲಹೆಯಲ್ಲ, ಕರ್ತವ್ಯ. ಗೌರವ ಕೊಡುವ ಮೊದಲು ಅವರ ಜೀವನವನ್ನು ವಿಚಾರಣೆ ಮಾಡಿ ಎಂದು ಅಲ್ಲಿ ಷರತ್ತು ಹಾಕಿಲ್ಲ. ಮೊದಲ ಪರಿಚ್ಛೇದವನ್ನು ಬಾಯಿಪಾಠ ಮಾಡಿ ಎರಡನೆಯದನ್ನು ಹಾರಿಸುವವರು ಧರ್ಮಸಭೆಯ ಬೋಧನೆಯನ್ನು ಎತ್ತಿಹಿಡಿದಂತಾಗುವುದಿಲ್ಲ.

ಇದಕ್ಕೂ ಮೊದಲೇ, 1986ರ ಅಕ್ಟೋಬರ್ 1ರಂದು ವ್ಯಾಟಿಕನ್ನಿನ ವಿಶ್ವಾಸ ಸಿದ್ಧಾಂತ ಮಂಡಳಿ ಬಿಷಪರಿಗೆ ಬರೆದ ಪತ್ರ ಬೋಧನೆಯ ವಿಷಯದಲ್ಲಿ ಬಹಳ ಕಠಿಣವಾಗಿತ್ತು. ಆದರೂ ಸಲಿಂಗಾಸಕ್ತರ ಮೇಲೆ ಮಾತಿನಲ್ಲಾಗಲಿ ಕೃತಿಯಲ್ಲಾಗಲಿ ನಡೆಯುವ ಹಿಂಸೆಯನ್ನು ಅದು ಸ್ಪಷ್ಟವಾಗಿ ಖಂಡಿಸಿತು. 2016ರ ‘ಅಮೋರಿಸ್ ಲೆತಿತ್ಸಿಯಾ’ದಲ್ಲಿ ಪೋಪ್ ಫ್ರಾನ್ಸಿಸರು ಇಂಥವರು ಇರುವ ಕುಟುಂಬಗಳಿಗೆ ಗೌರವದ ಮಾರ್ಗದರ್ಶನ ಸಿಗಬೇಕೆಂದರು. 2023ರ ಜನವರಿಯಲ್ಲಿ ಒಂದು ಸಂದರ್ಶನದಲ್ಲಿ, ಸಲಿಂಗಾಸಕ್ತನಾಗಿರುವುದು ಅಪರಾಧವಲ್ಲ ಎಂದು ಹೇಳಿದ ಅವರು, ಪರಸ್ಪರ ಪ್ರೀತಿ ಇಲ್ಲದಿರುವುದೂ ಪಾಪವೇ ಎಂದು ನೆನಪಿಸಿದರು. ಅದೇ ವರ್ಷದ ಡಿಸೆಂಬರ್ 18ರ ‘ಫಿದೂಚಿಯಾ ಸುಪ್ಲಿಕಾನ್ಸ್’ ದಾಖಲೆ, ವಿವಾಹದ ಬೋಧನೆಯನ್ನು ಬದಲಿಸದೆ, ಆಶೀರ್ವಾದ ಬೇಡಿ ಬರುವ ಸಲಿಂಗ ಜೋಡಿಗಳಿಗೆ ಪೂಜಾವಿಧಿಯ ಹೊರಗೆ ಸರಳ ಪ್ರಾರ್ಥನೆ ಮಾಡಲು ಗುರುಗಳಿಗೆ ಅವಕಾಶ ಕೊಟ್ಟಿತು. ಆಫ್ರಿಕಾದ ಅನೇಕ ಬಿಷಪರು ಇದನ್ನು ತಮ್ಮಲ್ಲಿ ಜಾರಿಗೊಳಿಸಲಿಲ್ಲ. 2024ರ ಏಪ್ರಿಲಿನ ‘ದಿಗ್ನಿತಾಸ್ ಇನ್ಫಿನಿತಾ’ ದಾಖಲೆಯು ಲೈಂಗಿಕ ಒಲವಿನ ಕಾರಣಕ್ಕೆ ಜನರನ್ನು ಬಂಧಿಸುವುದು, ಹಿಂಸಿಸುವುದು, ಕೊಲ್ಲುವುದು ಮಾನವ ಘನತೆಗೆ ವಿರುದ್ಧ ಎಂದು ಘೋಷಿಸಿತು.

ಸೊದೋಮಿನ ಪಾಪ

ಸಲಿಂಗಾಸಕ್ತರ ವಿಷಯ ಬಂದಾಗ ಅನೇಕರು ಸೊದೋಮ್ ನಗರದ ಕಥೆಯನ್ನು ಎತ್ತುತ್ತಾರೆ. ಆದರೆ ಪ್ರವಾದಿ ಎಜೆಕಿಯೇಲನ ಗ್ರಂಥದ 16ನೆಯ ಅಧ್ಯಾಯವನ್ನು ಓದುವವರು ಕಡಿಮೆ. ಸೊದೋಮಿನ ಅಪರಾಧವೇನು ಎಂದು ಪಟ್ಟಿ ಮಾಡುವಾಗ ಪ್ರವಾದಿ ಮೊದಲು ಹೇಳುವುದು ಅಹಂಕಾರ, ಹೊಟ್ಟೆತುಂಬಿದ ನೆಮ್ಮದಿ, ಬಡವರಿಗೂ ದಿಕ್ಕಿಲ್ಲದವರಿಗೂ ಕೈನೀಡದ ಕಠಿಣ ಹೃದಯ. ಅಸಹ್ಯ ಕೃತ್ಯಗಳ ಮಾತು ಅದರ ನಂತರ ಬರುತ್ತದೆ. ಈ ಅಧ್ಯಾಯವನ್ನು ಓದಿದ ಮೇಲೆ ಸೊದೋಮಿನ ಹೆಸರು ಹೇಳಿ ಬೇರೆಯವರತ್ತ ಮಾತ್ರ ಬೆರಳು ತೋರಿಸುವುದು ಕಷ್ಟ.

ನಮ್ಮ ದೇಶದ ಕಾನೂನು

ಭಾರತೀಯ ದಂಡಸಂಹಿತೆಯ 377ನೆಯ ವಿಧಿ 1860ರಲ್ಲಿ ಬ್ರಿಟಿಷರು ಮಾಡಿದ್ದು. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್, ವಯಸ್ಕರ ನಡುವೆ ಸಮ್ಮತಿಯಿಂದ ನಡೆಯುವ ಖಾಸಗಿ ಸಂಬಂಧಕ್ಕೆ ಅದು ಅನ್ವಯಿಸದು ಎಂದಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ಈ ಮೊಕದ್ದಮೆಯಲ್ಲಿ ಶಿಕ್ಷೆ ಉಳಿಯಬೇಕೆಂದು ವಾದಿಸಿದವರಲ್ಲಿ ಕೆಲವು ಕ್ರೈಸ್ತ ಸಂಘಟನೆಗಳೂ ಇದ್ದವು. ಆದರೆ ಆಗ ಮುಂಬಯಿಯ ಆರ್ಚ್‌ಬಿಷಪರಾಗಿದ್ದ ಕಾರ್ಡಿನಲ್ ಓಸ್ವಾಲ್ಡ್ ಗ್ರೇಸಿಯಸ್, ಕಥೋಲಿಕ ಧರ್ಮಸಭೆ ಸಲಿಂಗಾಸಕ್ತರನ್ನು ಎಂದೂ ಅಪರಾಧಿಗಳೆಂದು ಪರಿಗಣಿಸಿಲ್ಲ ಎಂದು ಬಹಿರಂಗವಾಗಿ ಹೇಳಿದರು. ಸಲಿಂಗ ವಿವಾಹವನ್ನು ಒಪ್ಪದೆಯೂ ಈ ಮಾತು ಹೇಳಲು ಸಾಧ್ಯ ಎಂಬುದನ್ನು ಅವರು ತೋರಿಸಿದರು.

2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಇಂಥ ಸಂಬಂಧ ಅಪರಾಧವಲ್ಲ ಎಂದು ತೀರ್ಪಿತ್ತಿತು. 2023ರ ಅಕ್ಟೋಬರ್ 17ರಂದು ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ಕೊಡಲು ಅದೇ ನ್ಯಾಯಾಲಯ ನಿರಾಕರಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ನೆಯ ವಿಧಿಗೆ ಸಮನಾದ ವಿಧಿ ಇಲ್ಲ.

ಎರಡು ಪಾಠಗಳೂ ಒಂದಾದ ಮನೆ

ಬೋಧನೆಯನ್ನು ಬದಲಿಸದೆ ಮನುಷ್ಯನನ್ನು ಅಪ್ಪಿಕೊಳ್ಳುವುದು ಹೇಗೆ ಎಂಬುದಕ್ಕೆ ಒಂದು ನಿಜವಾದ ಉದಾಹರಣೆ ಇದೆ. ಏಡ್ಸ್ ಎಂದು ಮುಂದೆ ಹೆಸರು ಪಡೆದ ಕಾಯಿಲೆಯ ಮೊದಲ ವರದಿ 1981ರ ಜೂನ್‌ನಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಆರಂಭದಲ್ಲಿ ಅದರಿಂದ ಸಾಯುತ್ತಿದ್ದವರಲ್ಲಿ ಸಲಿಂಗಾಸಕ್ತ ಪುರುಷರು ಮತ್ತು ಮಾದಕ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದ ಬಡವರು ಹೆಚ್ಚು. ಔಷಧಿ ಇರಲಿಲ್ಲ, ಮೊದಲ ಔಷಧಿಗೆ ಅನುಮತಿ ಸಿಕ್ಕಿದ್ದು 1987ರಲ್ಲಿ. ಅನೇಕರನ್ನು ಮನೆಯವರೇ ದೂರ ಮಾಡಿದರು. ಇದು ದೇವರ ಶಿಕ್ಷೆ ಎಂದು ಸಾರಿದ ಕ್ರೈಸ್ತ ಬೋಧಕರೂ ಇದ್ದರು.

ಅದೇ ಹೊತ್ತಿನಲ್ಲಿ, 1985ರ ಕ್ರಿಸ್ಮಸ್ ಮುನ್ನಾದಿನ, ಮದರ್ ತೆರೇಸಾ ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್ ಬಡಾವಣೆಯಲ್ಲಿ ಏಡ್ಸ್ ರೋಗಿಗಳಿಗಾಗಿ ‘ಪ್ರೀತಿಯ ಕೊಡುಗೆ’ ಎಂಬ ಅರ್ಥದ ಹೆಸರಿನ ಮನೆಯೊಂದನ್ನು ತೆರೆದರು. ಅದು ಸಂತ ವೆರೋನಿಕಾ ಚರ್ಚಿನ ಗುರುನಿವಾಸವಾಗಿದ್ದ ಕಟ್ಟಡ. ಆ ಚರ್ಚ್ ಇರುವುದು ಕ್ರಿಸ್ಟೊಫರ್ ಬೀದಿಯಲ್ಲಿ. 1969ರ ಜೂನ್‌ನಲ್ಲಿ ಪೊಲೀಸ್ ದಾಳಿಯ ವಿರುದ್ಧ ಸಲಿಂಗಾಸಕ್ತರು ಪ್ರತಿಭಟಿಸಿದ ಸ್ಟೋನ್‌ವಾಲ್ ಎಂಬ ಮದ್ಯದಂಗಡಿ ಇರುವುದೂ ಅದೇ ಬೀದಿಯಲ್ಲಿ. ಮನೆಗೆ ಮೊದಲು ಬಂದವರು ಸಿಂಗ್ ಸಿಂಗ್ ಸೆರೆಮನೆಯ ಮೂವರು ಕೈದಿಗಳು. ಮದರ್ ಬೇಡಿಕೊಂಡದ್ದರಿಂದ ಅವರನ್ನು ಬಿಡುಗಡೆ ಮಾಡಲಾಗಿತ್ತು. ಕಾಯಿಲೆ, ಸೆರೆಮನೆ, ಬಡತನ, ತಿರಸ್ಕಾರ ಎಲ್ಲವೂ ಒಂದೇ ಸೂರಿನಡಿ ಬಂದವು. ಮತ್ತಾಯ 25ನೆಯ ಅಧ್ಯಾಯದ ಪಟ್ಟಿಯನ್ನು ಓದಿದಂತೆಯೇ ಇತ್ತು.

ಅದೇ ಬಡಾವಣೆಯಲ್ಲಿ, 1849ರಲ್ಲಿ ಕಾಲರಾ ಕಾಲದಲ್ಲಿ ಧರ್ಮಭಗಿನಿಯರು ಸ್ಥಾಪಿಸಿದ ಸಂತ ವಿನ್ಸೆಂಟ್ ಆಸ್ಪತ್ರೆ 1984ರಲ್ಲಿ ಏಡ್ಸ್ ವಾರ್ಡನ್ನು ತೆರೆದಿತ್ತು. ನ್ಯೂಯಾರ್ಕಿನ ಕಾರ್ಡಿನಲ್ ಜಾನ್ ಓಕಾನರ್ ಸಲಿಂಗಾಸಕ್ತರ ಹಕ್ಕುಗಳ ಕಾನೂನನ್ನು ವಿರೋಧಿಸುತ್ತಿದ್ದರು. 1989ರ ಡಿಸೆಂಬರಿನಲ್ಲಿ ಅವರ ಕೆಥೆಡ್ರಲಿನೊಳಗೇ ಪ್ರತಿಭಟನೆ ನಡೆಯಿತು. ಆದರೂ ಅವರು ಏಡ್ಸ್ ರೋಗಿಗಳ ಹಾಸಿಗೆಯ ಬಳಿ ಹೋಗಿ ಕೈಯಾರೆ ಸೇವೆ ಮಾಡುತ್ತಿದ್ದರು. ಜಗಳ ಮುಗಿಯಲಿ, ಆಮೇಲೆ ಸೇವೆ ಎಂದು ಯಾರೂ ಕಾಯಲಿಲ್ಲ.

ನಮ್ಮ ಕರಾವಳಿಗೂ ಇಂಥ ನೆನಪಿದೆ. ಜರ್ಮನಿಯಿಂದ ಬಂದ ಜೆಸ್ವಿಟ್ ಗುರು ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧಿ ಕೊಡಲಾರಂಭಿಸಿ, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಊರು ಹೊರಹಾಕಿದವರನ್ನು ಅವರು ಒಳಗೆ ಕರೆದರು. ಸಲಿಂಗಾಸಕ್ತಿ ರೋಗವಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಹೋಲಿಕೆ ಇರುವುದು ಹೊರಹಾಕುವ ಸಮಾಜದ ನಡತೆಯಲ್ಲಿ ಮಾತ್ರ.

ಹೆತ್ತವರ ಗಮನಕ್ಕೆ

ಬಡತನ ಮತ್ತು ಸಲಿಂಗಾಸಕ್ತಿ ಎಂಬ ಎರಡು ವಿಷಯಗಳು ನಮ್ಮ ಮನೆಗಳಲ್ಲೇ ಸಂಧಿಸುವುದುಂಟು. ತನ್ನ ಒಲವನ್ನು ಹೇಳಿಕೊಂಡ ಮಗನನ್ನೋ ಮಗಳನ್ನೋ ಮನೆಯಿಂದ ಹೊರಹಾಕಿದರೆ, ಅಂದು ರಾತ್ರಿಯೇ ಆ ಮಗು ನೆಲೆಯಿಲ್ಲದ ಬಡವರಲ್ಲಿ ಒಬ್ಬರಾಗುತ್ತದೆ. ಮಾರನೆಯ ಭಾನುವಾರ ನಾವು ಬಡವರ ಪೆಟ್ಟಿಗೆಗೆ ಹಾಕುವ ಕಾಣಿಕೆ ಇದನ್ನು ತುಂಬಿಕೊಡಲಾರದು.

1997ರಲ್ಲಿ ಅಮೆರಿಕದ ಬಿಷಪರ ಸಮಿತಿಯೊಂದು ಇಂಥ ಹೆತ್ತವರಿಗಾಗಿಯೇ ಒಂದು ಸಂದೇಶ ಪ್ರಕಟಿಸಿತು. ಇವರು ಎಂದೆಂದೂ ನಮ್ಮ ಮಕ್ಕಳೇ ಎಂಬುದೇ ಅದರ ತಿರುಳು. ಅದರ ದಾರಿಯಲ್ಲಿ ನಮ್ಮ ಕುಟುಂಬಗಳು ನೆನಪಿಡಬೇಕಾದ ಕೆಲವು ವಿಷಯಗಳು ಇಲ್ಲಿವೆ.

1. ಮಗು ಹೇಳಿಕೊಂಡ ದಿನ ತೀರ್ಪು ಕೊಡಬೇಡಿ. ನಿಮಗೆ ಗಾಬರಿಯಾಗಿರಬಹುದು, ಆದರೆ ಆ ಮಾತು ಹೇಳಲು ಮಗು ವರ್ಷಗಟ್ಟಲೆ ಹೆದರಿದ್ದಿರಬಹುದು. ಮೊದಲು ಕೇಳಿಸಿಕೊಳ್ಳಿ.

2. ‘ಗುಣಪಡಿಸುತ್ತೇವೆ’ ಎನ್ನುವವರ ಬಳಿ ಕರೆದೊಯ್ಯಬೇಡಿ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗಾಸಕ್ತಿಯನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಅದು ಕಾಯಿಲೆಯಲ್ಲ ಎಂದು ಹೇಳಿತು. ಒಲವನ್ನು ಬದಲಿಸುವ ‘ಚಿಕಿತ್ಸೆ’ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿತು.

3. ಒತ್ತಾಯದ ಮದುವೆ ಮಾಡಬೇಡಿ. ‘ಮದುವೆಯಾದರೆ ಸರಿಹೋಗುತ್ತಾನೆ’ ಎಂಬ ಮಾತಿನಿಂದ ಏನೂ ಅರಿಯದ ಒಬ್ಬ ಹೆಣ್ಣುಮಗಳ ಬದುಕೂ ಹಾಳಾಗುತ್ತದೆ. 1983ರ ಧರ್ಮಸಭಾ ಕಾನೂನು ಸಂಹಿತೆಯ 1103ನೆಯ ನಿಯಮದ ಪ್ರಕಾರ ಬಲಾತ್ಕಾರ ಇಲ್ಲವೇ ಗಂಭೀರ ಭಯದಿಂದ ಆದ ವಿವಾಹ ಅಸಿಂಧು. ದಾಂಪತ್ಯವನ್ನು ತೀವ್ರವಾಗಿ ಕದಡಬಲ್ಲ ಗುಣವೊಂದನ್ನು ಮೋಸದಿಂದ ಮರೆಮಾಚಿ ಸಮ್ಮತಿ ಪಡೆದರೂ ಅದು ಅಸಿಂಧುವಾಗುತ್ತದೆ ಎಂದು 1098ನೆಯ ನಿಯಮ ಹೇಳುತ್ತದೆ.

4. ಗುಟ್ಟನ್ನು ಕಾಪಾಡಿ. ನೆಂಟರಿಗೂ ನೆರೆಯವರಿಗೂ ಹೇಳುವ ಹಕ್ಕು ನಿಮ್ಮದಲ್ಲ. ಇನ್ನೊಬ್ಬರ ಖಾಸಗಿ ಬದುಕಿನ ಬಗ್ಗೆ ಸಂಯಮ ಬೇಕೆಂದು ಧರ್ಮೋಪದೇಶ ಗ್ರಂಥವೇ ಕಲಿಸುತ್ತದೆ.

ಚರ್ಚಿನಲ್ಲಿ ಮತ್ತು ವಾಳೆಯಲ್ಲಿ

ವಾಳೆಯ ಗುರಿಕಾರರು, ಧರ್ಮೋಪದೇಶದ ಶಿಕ್ಷಕರು, ಯುವ ಸಂಘಟನೆಗಳ ಮುಖಂಡರು ಮನಸ್ಸು ಮಾಡಿದರೆ ಬಹಳಷ್ಟು ಬದಲಾಗುತ್ತದೆ. ಯುವಜನರ ಪ್ರಹಸನಗಳಲ್ಲಿ ಹೆಣ್ಣಿಗ ಎಂದು ಗೇಲಿ ಮಾಡುವ ಪಾತ್ರ ಬಂದಾಗ ಎಲ್ಲರೂ ನಗುತ್ತಾರೆ, ಆದರೆ ಸಭಿಕರಲ್ಲಿ ನಗಲಾರದೆ ತಲೆತಗ್ಗಿಸಿ ಕುಳಿತ ಒಬ್ಬ ಹುಡುಗ ಇರಬಹುದು. ಅಂಥ ಪಾತ್ರವನ್ನು ಕೈಬಿಡಿ. ಶಾಲೆಯಲ್ಲಿ ಇಂಥ ಗೇಲಿ ನಡೆದಾಗ ಶಿಕ್ಷಕರು ತಡೆಯಲಿ.

ಅದೇ ರೀತಿ ಹಬ್ಬದ ದಿನ ವಂತಿಗೆ ಹೆಚ್ಚು ಕೊಟ್ಟವರಿಗೆ ಮುಂದಿನ ಸಾಲು, ಕೊಡಲಾಗದವರಿಗೆ ಹಿಂದಿನ ಗೋಡೆ ಎಂಬ ಪದ್ಧತಿ ಎಲ್ಲಾದರೂ ಇದ್ದರೆ ಯಾಕೋಬನ ಪತ್ರವನ್ನು ನೆನಪಿಸಿಕೊಳ್ಳಬೇಕು. ಬಡ ಕುಟುಂಬದವರನ್ನು ಸಹಾಯ ಪಡೆಯುವವರ ಪಟ್ಟಿಯಲ್ಲಿ ಮಾತ್ರ ಸೇರಿಸದೆ, ಪಾಲನಾ ಸಮಿತಿಯಲ್ಲೂ ವಾಚನ ಪೀಠದಲ್ಲೂ ಸೇರಿಸಬೇಕು. ಬಡವರು ಅನುಭವಿಸುವ ಅತಿ ಕೆಟ್ಟ ತಾರತಮ್ಯವೆಂದರೆ ಆಧ್ಯಾತ್ಮಿಕ ಕಾಳಜಿಯ ಕೊರತೆ ಎಂದು ಪೋಪ್ ಫ್ರಾನ್ಸಿಸರು 2013ರ ‘ಎವಾಂಜೆಲಿ ಗೌದಿಯುಂ’ನಲ್ಲಿ ಬರೆದಿದ್ದಾರೆ. ಸಲಿಂಗಾಸಕ್ತರ ವಿಷಯದಲ್ಲೂ ಇದನ್ನೇ ಹೇಳಬಹುದು. ಅವರು ದೀಕ್ಷಾಸ್ನಾನ ಪಡೆದ ನಮ್ಮವರೇ. ಬಲಿಪೂಜೆಗೆ ಬರುವ, ಪ್ರಾರ್ಥಿಸುವ, ಗುರುಗಳೊಡನೆ ಮನಬಿಚ್ಚಿ ಮಾತಾಡುವ ಹಕ್ಕು ಅವರಿಗಿದೆ. ಪಾಪನಿವೇದನೆಯಲ್ಲಿ ಹೇಳಿದ ಮಾತನ್ನು ಗುರುಗಳು ಯಾವ ಕಾರಣಕ್ಕೂ ಹೊರಗೆ ಹೇಳುವಂತಿಲ್ಲ.

‘ಹಾಗಾದರೆ ನಾವು ಎಲ್ಲವನ್ನೂ ಒಪ್ಪಿಕೊಳ್ಳಬೇಕೇ?’ ಎಂದು ಕೆಲವರು ಕೇಳಬಹುದು. ಹಾಗಲ್ಲ. ಬಡವನಿಗೆ ಅನ್ನ ಹಾಕುವಾಗ ಅವನ ಎಲ್ಲ ನಡತೆಯನ್ನೂ ನಾವು ಒಪ್ಪಿಕೊಂಡಿರುವುದಿಲ್ಲ. ಒಪ್ಪಿಗೆ ಬೇರೆ, ಗೌರವ ಬೇರೆ. ದೇವರ ರೂಪದಲ್ಲಿ ಸೃಷ್ಟಿಯಾದ ಮನುಷ್ಯ ಎಂಬ ಒಂದೇ ಕಾರಣಕ್ಕೆ ಗೌರವ ಸಲ್ಲುತ್ತದೆ.

ಪ್ರತಿ ಸೆಪ್ಟೆಂಬರ್ 8ರಂದು ಮೊಂತಿ ಫೆಸ್ತ್ ದಿನ ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು, ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವುದು ನಮ್ಮ ಪದ್ಧತಿ. ಊರಿನಿಂದ ದೂರ ಇರುವವರಿಗೂ ಕೆಲವು ಕಾಳುಗಳನ್ನು ಲಕೋಟೆಯಲ್ಲಿಟ್ಟು ಕಳುಹಿಸುತ್ತೇವೆ. ಮುಂದಿನ ಹಬ್ಬಕ್ಕೆ ಮೊದಲು ನಮ್ಮ ಪಂಕ್ತಿಯಲ್ಲಿ ಯಾರ ಎಲೆ ಖಾಲಿ ಇದೆ ಎಂದು ಪ್ರತಿಯೊಂದು ಮನೆಯೂ ಒಮ್ಮೆ ಎಣಿಸಿ ನೋಡಲಿ. ಅದು ಗೇಟಿನ ಹೊರಗಿರುವ ಬಡ ನೆರೆಯವನದಾಗಿರಬಹುದು, ಫೋನು ಮಾಡಲೂ ಅಂಜಿ ಬೇರೆ ಊರಿನಲ್ಲಿರುವ ಸ್ವಂತ ಮಗನದೂ ಆಗಿರಬಹುದು. ಅವರನ್ನು ಊಟಕ್ಕೆ ಕರೆಯುವ ಕೆಲಸ ನಮ್ಮದು.